ಉಡದ ಹಿಡಿತ

“ಅಮ್ಮಾ, ಉಡ ಜಾರಾಕತ್ತೈತಿ!”

ಯಾರೂ ಹತ್ತಿರ ಬಾರದಂತೆ ಕಟ್ಟಿದ್ದ ಹಗ್ಗದಾಚೆ ನಿಂತಿದ್ದ ಪೂಜಿತಾ ಕೂಗಿದಳು. ಅಮ್ಮ ನೀಲಾವತಿ ತಟ್ಟನೆ ಡ್ರಿಲ್ ನಿಲ್ಲಿಸಿದಳು.

ಬುಡದಲ್ಲಿ ಅಯಸ್ಕಾಂತ ಇರುವ ದಪ್ಪ ಡ್ರಿಲ್ ಅದು. ಸ್ವಿಚ್ ಒತ್ತಿದರೆ ಉಕ್ಕಿಗೆ ಅಂಟಿ ನಿಲ್ಲಬೇಕು. ಅದಕ್ಕೇ ಪೂಜಿತಾ ಅದಕ್ಕೆ ಉಡ ಎಂದು ಹೆಸರಿಟ್ಟಿದ್ದಳು.

ಕುರುಗೋಡಿನ ಅವಳ ಶಾಲೆಯಲ್ಲಿ ಊಟದ ಶೆಡ್ ಏಳುತ್ತಿತ್ತು. ನೆಲದ ಮೇಲೆ ಉಕ್ಕಿನ ತೊಲೆ ಮಲಗಿತ್ತು. ಅದಕ್ಕೆ ತೂತು ಕೊರೆಯಬೇಕು. ಸಿರುಗುಪ್ಪದ ವೆಲ್ಡಿಂಗ್ ಶಾಪಿನಲ್ಲಿ ಕಲಿತ ಅಮ್ಮ ಒಬ್ಬಳೇ ಒಪ್ಪಿಕೊಂಡ ಮೊದಲ ಕೆಲಸ ಇದು.

“ನೀಲಮ್ಮಾ, ಸಂಜಿಗೆ ಕ್ರೇನ್ ಬರ್ತೈತಿ. ಆಗಲ್ಲಂದ್ರ ಹೇಳಿಬಿಡು, ಬಳ್ಳಾರಿಯಿಂದ ಬ್ಯಾರೆಯವ್ರನ್ನ ಕರಸ್ತೀನಿ,” ಎಂದು ಮೇಸ್ತ್ರಿ ಚಿದಾನಂದಪ್ಪ ಫೋನ್ ತೆಗೆದರು.

“ನಿಮ್ಮ ಉಡಕ್ಕ ಜ್ವರ ಬಂದೈತೇನs?” ಕ್ಲಾಸಿನ ಹಂಪೇಶ್ ಹಲ್ಲು ಕಿರಿದ.

ಅಮ್ಮ ಮತ್ತೆ ಒತ್ತಿದಳು. ಡ್ರಿಲ್ ಮತ್ತೆ ಅಲುಗಿತು.

ಪೂಜಿತಾಗೆ ಅಜ್ಜಿಯ ಕತೆ ನೆನಪಾಯಿತು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತುವ ಕಳ್ಳನ ಕತೆ. “ಬರೇ ಕಲ್ಲಿದ್ರ ಉಡ ಬಿಡಾಂಗಿಲ್ಲ. ಪಾಚಿ ಇತ್ತು ನೋಡು, ಉಡಾನೂ ದೊಪ್, ಕಳ್ಳಾನೂ ದೊಪ್!”

ಪಾಚಿ!

ಬೆಳಿಗ್ಗೆ ಅಜ್ಜಿ ಹುಲುಗಮ್ಮ ಹೊಸ್ತಿಲಿಗೆ ಬಳಿಯುವ ಹಾಗೆ ತೊಲೆಗೆ ದಪ್ಪಗೆ ಸುಣ್ಣ ಬಳಿದು, ಕುಂಕುಮದ ಬೊಟ್ಟು ಮೆತ್ತಿದ್ದಳು. ಪೂಜೆ ಮಾಡಿದ್ದನ್ನು ಒರೆಸಲು ಮನಸ್ಸಾಗದೆ ಅಮ್ಮ ಅದರ ಮೇಲೆಯೇ ಡ್ರಿಲ್ ಇಟ್ಟಿದ್ದಳು.

“ಅಮ್ಮಾ, ಉಡದ ಕಾಲ ಕೆಳಗ ಸುಣ್ಣ ಐತಿ! ಅದಕ್ಕ ಉಕ್ಕು ಸಿಗವಲ್ದು. ಒರಸ್ಲಾ?”

“ಏ ಹುಡುಗಿ! ಹಚ್ಚಿದ ಬೊಟ್ಟು ಯಾರರ ಒರಸ್ತಾರೇನು?” ಹಗ್ಗದ ಪಕ್ಕ ಕೂತಿದ್ದ ಅಜ್ಜಿ ಎದ್ದೇ ನಿಂತಳು.

ಅಮ್ಮ ಪ್ಲಗ್ ಕಿತ್ತು, ಡ್ರಿಲ್ ಎತ್ತಿ ಪಕ್ಕಕ್ಕಿಟ್ಟು, ಮಗಳನ್ನು ಹತ್ತಿರ ಕರೆದಳು. ಪೂಜಿತಾ ತೊಲೆಯ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ಡ್ರಿಲ್ಲಿನ ನೆತ್ತಿಗೆ ಇಟ್ಟಳು.

“ಒರಸಿಲ್ಲಜ್ಜಿ. ಬೊಟ್ಟು ಇಲ್ಲಿಗೆ ಬಂತು, ಅಷ್ಟs.”

ಅಜ್ಜಿ ಡ್ರಿಲ್ ನೋಡಿದಳು. ಮೊಮ್ಮಗಳನ್ನು ನೋಡಿದಳು. “ಚೆಂದ ಕಾಣ್ತೈತಿ ಬಿಡು. ಹೂಂ, ಸುಣ್ಣ ತಿಕ್ಕು ಮತ್ತ!”

ಪೂಜಿತಾ ತಿಕ್ಕಿದ ಕಡೆ ಉಕ್ಕು ಫಳಫಳ ಹೊಳೆಯಿತು. ಅಮ್ಮ ಡ್ರಿಲ್ ಮತ್ತೆ ಅಲ್ಲಿಟ್ಟು, ಅದು ಬೀಳದಂತೆ ತೊಲೆಗೆ ಚೈನ್ ಬಿಗಿದು, ಎಲ್ಲರನ್ನೂ ಹಗ್ಗದಾಚೆ ಕಳಿಸಿ, ಸ್ವಿಚ್ ಒತ್ತಿದಳು.

ಠಪ್! ಉಡ ಕಚ್ಚಿಕೊಂಡಿತು.

ಗರ್ರ್‌ ಎಂದು ಉಕ್ಕಿನ ಸುರುಳಿಗಳು ಎದ್ದವು. ಕೊನೆಗೆ ಠಣ್ ಎಂದು ತೂತಿನಿಂದ ಉಕ್ಕಿನ ದುಂಡನೆಯ ಬಿಲ್ಲೆ ಕೆಳಗೆ ಬಿತ್ತು.

“ಜ್ವರ ಬಿಡ್ತಲೇ!” ಹಂಪೇಶ್ ಕುಣಿದ. ಚಿದಾನಂದಪ್ಪ ಫೋನನ್ನು ಜೇಬಿಗೆ ಹಾಕಿಕೊಂಡರು.

ಸಂಜೆ ತೊಲೆ ಮೇಲೇರಿತು. ಅಮ್ಮ ಕೊರೆದ ತೂತುಗಳಲ್ಲಿ ಬೋಲ್ಟುಗಳೆಲ್ಲ ಸಲೀಸಾಗಿ ಕೂತವು.

ಮನೆಯ ದಾರಿಯಲ್ಲಿ ಅಜ್ಜಿ, “ಇವತ್ತು ಕತಿ ನೀನs ಹೇಳು,” ಎಂದಳು.

ಪೂಜಿತಾ ತಣ್ಣಗಾಗಿದ್ದ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು, “ಒಂದೂರಾಗ ಒಂದು ಉಡ...” ಎಂದವಳು ನಿಲ್ಲಿಸಿದಳು. ಮುಂದೆ ಅಮ್ಮ ಭಾರದ ಡ್ರಿಲ್ ಹೊತ್ತು ಬೀಸುಹೆಜ್ಜೆ ಹಾಕುತ್ತಿದ್ದಳು.

“ಅಲ್ಲಲ್ಲ. ಒಂದೂರಾಗ ಒಬ್ಬಾಕಿ ಇದ್ಲಂತ. ಆಕಿ ಹತ್ರ ಒಂದು ಉಡ ಇತ್ತಂತ...”