ಮೂವತ್ತೊಂದು ಕಾಮಿಕ್ಸ್‌ಗಳ ಜಪ್ತಿ

ಹದಿನೆಂಟನೇ ತಾರೀಖು ಬೆಳಿಗ್ಗೆ ಏಳು ನಲವತ್ತಕ್ಕೆ ವಯಸ್ಸಾದ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದು, ತನ್ನನ್ನು ಬಂಧಿಸಬೇಕೆಂದು ಕೇಳಿಕೊಂಡಳು.

ಪಾಳಿ ಬದಲಾಗುವ ಹೊತ್ತು. ಮೇಜಿನ ಹಿಂದೆ ಕೂತಿದ್ದವಳು ಮಹಿಳಾ ಹೆಡ್ ಕಾನ್ಸ್‌ಟೇಬಲ್. ಹದಿನಾರು ವರ್ಷದ ಸೇವೆಯಲ್ಲಿ ಠಾಣೆಯ ಹಿರಿಯರು ಕಿರಿಯರೆಲ್ಲ ಅಕ್ಕ, ಅಕ್ಕ ಎಂದು ಕರೆದೂ ಕರೆದೂ ಅದೇ ಅವಳ ಹೆಸರಾಗಿಬಿಟ್ಟಿತ್ತು. ಶರಣಾಗಲು ಬರುವವರು ಅಕ್ಕನಿಗೆ ಹೊಸಬರಲ್ಲ. ಆದರೆ ಅವರು ಒಂದೋ ಕುಡಿದು ಬರುತ್ತಿದ್ದರು, ಇಲ್ಲ ವಕೀಲರನ್ನು ಕರೆದುಕೊಂಡು ಬರುತ್ತಿದ್ದರು. ಈ ಹೆಂಗಸು ಎರಡು ಜೊತೆ ಬಟ್ಟೆ, ಟವೆಲ್ಲು, ಬಿ.ಪಿ. ಮಾತ್ರೆಯ ಚೀಟಿ ಎಲ್ಲವನ್ನೂ ಒಂದು ಕೈಚೀಲಕ್ಕೆ ತುಂಬಿಕೊಂಡು ಒಬ್ಬಳೇ ಬಂದಿದ್ದಳು.

"ನಾನೇ ಬಂದೆ ಅಂತ ಬರ್ಕೊಳ್ಳಿ. ಮಗಳ ಹತ್ರ ಮಾತ್ರ ಹೋಗ್ಬೇಡಿ."

ಯಾವ ತಪ್ಪಿಗೆ ಬಂಧಿಸಬೇಕು ಎಂದು ಅಕ್ಕ ಕೇಳಿದಳು.

"ತೆರಿಗೆ ಕಟ್ಟಿಲ್ಲ."

ಅಕ್ಕ ಕುರ್ಚಿ ತೋರಿಸಿದಳು. ಮೂರು ಸಲ ಹೇಳಿದರೂ ಆಕೆ ಕೂರಲಿಲ್ಲ. ಕೊನೆಗೆ ಅಕ್ಕನೇ ಭುಜ ಹಿಡಿದು ಕೂರಿಸಬೇಕಾಯಿತು.

ಎಂಟೂಕಾಲಕ್ಕೆ ಇನ್ಸ್‌ಪೆಕ್ಟರ್ ಬಂದರು. ಅವರ ಮುಂದೆ ಹೇಳಿಕೆ ಬರೆಸಿಕೊಳ್ಳಲು ಒಂದು ಗಂಟೆ ಹಿಡಿಯಿತು. ಆಕೆಗೆ ಅರವತ್ತೇಳು ವರ್ಷ. ಟೈಲರ್ ಅಂಗಡಿಗಳಿಗೆ ಕಾಜಾ ಹೊಲಿದು, ಗುಂಡಿ ಹಾಕಿಕೊಡುವ ಕೆಲಸ. ಬೀದಿಯವರೆಲ್ಲ ಕರೆಯುವುದು ಕಾಜಮ್ಮ ಎಂದು. ತೀರಿಕೊಂಡ ಗಂಡ ಪ್ರೆಸ್ಸೊಂದರಲ್ಲಿ ಬೈಂಡರ್ ಆಗಿದ್ದ. ಅಲ್ಲಿ ಮಕ್ಕಳಿಗಾಗಿ ಅಚ್ಚಾಗುತ್ತಿದ್ದ ಕಾಮಿಕ್ಸ್‌ಗಳನ್ನು ಒಂದೊಂದು ಪ್ರತಿ ಮನೆಗೆ ತಂದು ಟ್ರಂಕಿನಲ್ಲಿಟ್ಟಿದ್ದ. ಪ್ರೆಸ್ಸು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕಳೆದ ತಿಂಗಳು ಮಗಳು ಬಂದವಳು ಟ್ರಂಕು ತೆಗೆದು, ಮೊದಲ ಸಂಚಿಕೆಯನ್ನು ಹಳೇ ಪುಸ್ತಕದ ಅಂಗಡಿಯವನ ಮೂಲಕ ಹರಾಜಿಗಿಟ್ಟಳು. ಒಂದು ಟೀ ಬೆಲೆಗೆ ಮಾರಾಟವಾಗುತ್ತಿದ್ದ ಪುಸ್ತಕ ಹನ್ನೊಂದು ಲಕ್ಷ ಅರವತ್ತು ಸಾವಿರಕ್ಕೆ ಹೋಯಿತು. ಐದನೇ ತಾರೀಖಿನ ಪೇಪರಿನಲ್ಲಿ ಕಾಜಮ್ಮನ ಫೋಟೋ ಬಂತು, ಬೀದಿಯ ಹೆಸರೂ ಬಂತು. ಇಷ್ಟು ದುಡ್ಡಿಗೆ ತೆರಿಗೆ ಎಷ್ಟು ಬೀಳುತ್ತದೋ ಎಂದು ನೆರೆಯವರು ಕೇಳಿದ್ದೇ ತಡ, ಅವಳ ನಿದ್ದೆ ಹಾರಿಹೋಯಿತು.

ಏಳನೇ ತಾರೀಖು ಹನ್ನೊಂದು ಗಂಟೆಗೆ ತೆರಿಗೆ ಅಧಿಕಾರಿ ಮನೆಗೆ ಬಂದ. ಆಮೇಲೆ ಒಂಬತ್ತು, ಹನ್ನೆರಡು, ಹದಿನೈದು, ಹದಿನೇಳು. ಬಂದ ದುಡ್ಡಿನ ಮೂರರಷ್ಟು ದಂಡ ಬೀಳುತ್ತದೆ, ಮನೆಗೆ ಬೀಗ ಹಾಕುತ್ತೇವೆ, ಇಪ್ಪತ್ತನಾಲ್ಕು ಗಂಟೆಯೂ ನಿಮ್ಮ ಮೇಲೆ ಕಣ್ಣಿಟ್ಟಿದ್ದೇವೆ ಎಂದ. ಮೂರು ಸಲಕ್ಕೆ ಮೂವತ್ತೊಂದು ಪುಸ್ತಕ ಜಪ್ತಿ ಮಾಡಿಕೊಂಡು ಹೋದ. ಹದಿನೇಳಕ್ಕೆ ಬಂದು, ಬಂಧನದ ಆದೇಶ ತಯಾರಾಗಿದೆ, ಹತ್ತೊಂಬತ್ತಕ್ಕೆ ಹನ್ನೊಂದು ಗಂಟೆಗೆ ಬರುತ್ತೇನೆ, ಬ್ಯಾಂಕಿನಲ್ಲಿರುವ ನಿಮ್ಮ ಮಗಳನ್ನೂ ಬಿಡುವುದಿಲ್ಲ ಎಂದು ಹೇಳಿ ಹೋಗಿದ್ದ. ತಾನೇ ಮೊದಲು ಒಳಗೆ ಹೋಗಿ ಕೂತರೆ ಮಗಳು ಉಳಿಯುತ್ತಾಳೆ ಎಂಬುದು ಕಾಜಮ್ಮನ ಲೆಕ್ಕ.

ಅವನು ಕೈಯಲ್ಲೇ ಬರೆದು ಕೊಟ್ಟುಹೋದ ಮೂರು ಹಾಳೆಗಳನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಹರಡಿದರು. ಮೂರಕ್ಕೂ "ಜಪ್ತಿ ಪಂಚನಾಮೆ" ಎಂಬ ತಲೆಬರಹ. ಮೊಹರಿಲ್ಲ, ಪಂಚರ ಸಹಿಯಿಲ್ಲ, ಪ್ರಕರಣದ ಸಂಖ್ಯೆಯಿಲ್ಲ.

ಒಂಬತ್ತೂವರೆಗೆ ಅವರು ತೆರಿಗೆ ಕಚೇರಿಗೆ ಫೋನ್ ಮಾಡಿದರು. ಕಾಜಮ್ಮನ ಹೆಸರಿನಲ್ಲಿ ನೋಟಿಸೂ ಇಲ್ಲ, ಪ್ರಕರಣವೂ ಇಲ್ಲ. ಈ ವರ್ಷದ ಮಾರಾಟಕ್ಕೆ ವಿವರ ಸಲ್ಲಿಸಲು ಇನ್ನೂ ಐದು ತಿಂಗಳಿದೆ, ಬಂದದ್ದರಲ್ಲಿ ಒಂದು ಪಾಲು ಕಟ್ಟಿದರೆ ಮುಗಿಯಿತು, ಗಡುವೇ ಬಾರದೆ ತಪ್ಪು ಎಲ್ಲಿಂದ ಬಂತು ಎಂದು ಅಲ್ಲಿಯ ಅಧಿಕಾರಿಯೇ ಕೇಳಿದರು.

ಇನ್ಸ್‌ಪೆಕ್ಟರ್ ಅದನ್ನು ಕಾಜಮ್ಮನಿಗೆ ಬಿಡಿಸಿ ಹೇಳಿದರು. ಅವಳ ಮುಖ ಸಡಿಲವಾಗಲಿಲ್ಲ.

"ಕೇಳಿದ್ರೆ ಹಾಗೇ ಹೇಳ್ತಾರೆ ಅಂತ ಆ ಸಾಹೇಬ್ರು ಮೊದ್ಲೇ ಹೇಳಿದ್ರು," ಎಂದಳು.

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಸರ್ಕಾರಿ ನೌಕರನ ವೇಷ, ವಂಚನೆ, ಬೆದರಿಕೆ.

ಮೊದಲ ಅನುಮಾನ ಹರಾಜು ಮಾಡಿಸಿದ ಹಳೇ ಪುಸ್ತಕದ ಅಂಗಡಿಯವನ ಮೇಲೆ. ಹತ್ತೂವರೆಗೆ ಇನ್ಸ್‌ಪೆಕ್ಟರ್ ಮತ್ತು ಅಕ್ಕ ಅವನ ಅಂಗಡಿಯಲ್ಲಿದ್ದರು.

"ಟ್ರಂಕಲ್ಲಿ ಇನ್ನೂ ಪುಸ್ತಕ ಇದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಪೇಪರಲ್ಲೂ ಬಂದಿತ್ತಲ್ಲ."

"ಒಂಬತ್ತನೇ ತಾರೀಖು ಹನ್ನೊಂದು ಗಂಟೆಗೆ ಎಲ್ಲಿದ್ರಿ?"

"ಇಲ್ಲೇ. ಕ್ಯಾಮೆರಾ ಇದೆ, ನೋಡ್ಕೊಳ್ಳಿ."

ನೋಡಿದರು. ಅಧಿಕಾರಿ ಬಂದ ಐದೂ ದಿನ ಆ ಹೊತ್ತಿನಲ್ಲಿ ಅಂಗಡಿಯವನು ಗಲ್ಲಾ ಬಿಟ್ಟು ಎದ್ದಿರಲಿಲ್ಲ. ಹೊರಡುವಾಗ ಇನ್ಸ್‌ಪೆಕ್ಟರ್ ಆ ಹಾಳೆಗಳನ್ನು ಅವನಿಗೆ ತೋರಿಸಿದರು. ಅವನು ಕನ್ನಡಕ ಹಾಕಿಕೊಂಡು ಓದಿ, ಹುಬ್ಬು ಗಂಟಿಕ್ಕಿದ. ವ್ಯಾಪಾರದವನಾದರೆ ರಟ್ಟು ಹೇಗಿದೆ, ಪಿನ್ನಿಗೆ ತುಕ್ಕು ಹಿಡಿದಿದೆಯೇ, ಪುಟ ಹಳದಿಯಾಗಿದೆಯೇ ಎಂದು ಬರೆಯುತ್ತಾನೆ, ಬೆಲೆ ನಿಲ್ಲುವುದೇ ಅದರ ಮೇಲೆ ಎಂದ. ಈ ಹಾಳೆಯಲ್ಲಿ ಅದೊಂದೂ ಇರಲಿಲ್ಲ. "ಸಂಚಿಕೆ ಎಂಟು, ಒಂಬತ್ತನೇ ಪುಟ, ಮೂರನೇ ಚಿತ್ರ, ಒತ್ತಕ್ಷರ ಬಿಟ್ಟಿದೆ" ಎಂದಿತ್ತು. "ಸಂಚಿಕೆ ಹನ್ನೊಂದು, ಕೊನೆಯ ಪುಟ, ಸಾಲು ಇಕ್ಕಟ್ಟಾಗಿದೆ" ಎಂದಿತ್ತು.

"ಇದನ್ನ ನೋಡಿ ಯಾರೂ ಒಂದು ಪೈಸೆ ಹೆಚ್ಚು ಕೊಡಲ್ಲ ಸಾರ್, ಕಡಿಮೆನೂ ಕೊಡಲ್ಲ. ಇದನ್ನೆಲ್ಲ ಯಾರು ನೋಡ್ತಾರೆ?"

ಮಧ್ಯಾಹ್ನ ಒಂದು ಗಂಟೆಗೆ ಅಕ್ಕ ಸಮವಸ್ತ್ರ ಕಳಚಿ, ಕಾಜಮ್ಮನ ಜೊತೆ ಅವಳ ಮನೆಗೆ ಹೋದಳು. ಆ ಮನುಷ್ಯ ಹೇಳಿದ ಗಂಟೆಗೆ ಬರುವವರೆಗೂ ಅಲ್ಲೇ ಇರಬೇಕೆಂದು ಅಪ್ಪಣೆಯಾಗಿತ್ತು.

ಗುಂಡಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಗಾಜಿಗೆ ಒಳಗಿನಿಂದ ಪೇಪರು ಅಂಟಿಸಿತ್ತು. ಒಲೆ ಹಚ್ಚಿ ಎರಡು ದಿನವಾಗಿತ್ತು. ಪಾತ್ರೆ ಸದ್ದಾದರೆ ಹೊರಗಿರುವ ಕಣ್ಣುಗಳಿಗೆ ಮನೆಯಲ್ಲಿ ಜನವಿರುವುದು ಗೊತ್ತಾಗುತ್ತದೆ ಎಂದು ಕಾಜಮ್ಮ ಬ್ರೆಡ್ಡು ನೀರಲ್ಲಿ ಅದ್ದಿ ತಿಂದಿದ್ದಳು. ಮೂಲೆಯಲ್ಲಿ ಹನ್ನೊಂದು ಶರ್ಟು. ನಲವತ್ತು ವರ್ಷದಲ್ಲಿ ಮೊದಲ ಸಲ ಟೈಲರ್ ಅವಳ ಕೆಲಸ ವಾಪಸು ಕಳಿಸಿದ್ದ. ಅಕ್ಕ ಒಂದನ್ನು ಎತ್ತಿ ನೋಡಿದಳು. ಕಾಜಾಗಳೆಲ್ಲ ಸೊಟ್ಟಗಾಗಿದ್ದವು. ಒಂದರಲ್ಲಿ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಹೋಗಿ ರಕ್ತದ ಚುಕ್ಕೆ ಬಿದ್ದಿತ್ತು.

ಮೆಟ್ಟಿಲ ಮೇಲೆ ಯಾರ ಕಾಲಿನ ಸದ್ದಾದರೂ ಕಾಜಮ್ಮನ ಉಸಿರು ನಿಲ್ಲುತ್ತಿತ್ತು. ಸದ್ದು ಮೇಲಿನ ಮಹಡಿಗೆ ಹೋದ ಮೇಲೆ ಮತ್ತೆ ಉಸಿರು. ಮೊದಮೊದಲು ಅಕ್ಕ ಅವಳನ್ನು ನೋಡುತ್ತಿದ್ದಳು. ನಾಲ್ಕು ಗಂಟೆಯ ಹೊತ್ತಿಗೆ ಅವಳ ಕಿವಿಯೂ ಮೆಟ್ಟಿಲ ಮೇಲೇ ನೆಟ್ಟಿತ್ತು. ಕೆಳಗೆ ಯಾರೋ ಬಾಗಿಲು ದಬ್ಬಿದಾಗ ಅರ್ಧ ಎದ್ದೇಬಿಟ್ಟಳು. ಹೆದರಿಕೆ ನೆಗಡಿಯ ಹಾಗೆ ಹತ್ತುತ್ತದೆ ಎಂದು ತನ್ನನ್ನೇ ಬೈದುಕೊಂಡು, ಮನಸ್ಸು ಬೇರೆ ಕಡೆ ಹೊರಳಲಿ ಎಂದು ಟ್ರಂಕಿನಲ್ಲಿ ಉಳಿದಿದ್ದ ಏಳು ಕಾಮಿಕ್ಸ್‌ಗಳಲ್ಲಿ ಒಂದನ್ನು ತೆಗೆದಳು.

ಕಾಡಿನಲ್ಲಿ ಓಡುವ ಹುಡುಗಿ, ಬೆನ್ನಟ್ಟುವ ಮುಸುಕಿನವನು. ಅವನ ಬಾಯಿಂದ ಹೊರಟ ಬಲೂನಿನೊಳಗೆ, "ನಿನ್ನನ್ನು ಎಲ್ಲಿದ್ದರೂ ಬಿಡುವುದಿಲ್ಲ." ಅಕ್ಕ ಪುಟ ತಿರುವಲು ಹೋದವಳು ತಿರುವಲಿಲ್ಲ. ಆ ಅಕ್ಷರಗಳನ್ನು ಬೆಳಿಗ್ಗೆಯೇ ನೋಡಿದ್ದಳು. ತಲೆಕಟ್ಟೆಲ್ಲ ಸಣ್ಣ ಬಾವುಟದ ಹಾಗೆ ಮೇಲಕ್ಕೆದ್ದು, 'ಳ'ದ ಬಾಲ ಒಳಕ್ಕೆ ಮಡಚಿ, ಗೆರೆಯಿಲ್ಲದ ಕಾಗದದಲ್ಲೂ ನೂಲು ಹಿಡಿದಂತೆ ನೇರ. ಜೊತೆಗೆ ತಂದಿದ್ದ ಪಂಚನಾಮೆಯ ನಕಲನ್ನು ಅದರ ಪಕ್ಕದಲ್ಲಿಟ್ಟಳು. ಎರಡೂ ಒಂದೇ ಕೈ. ಮೂವತ್ತು ವರ್ಷದ ಹಿಂದೆ ಮುಸುಕಿನವನ ಬಾಯಿಗೆ ಮಾತು ಬರೆದವನೇ ಈ ಕೋಣೆಯಲ್ಲಿ ಕೂತು ಜಪ್ತಿ ಪಟ್ಟಿ ಬರೆದಿದ್ದ.

ನಾಲ್ಕು ಇಪ್ಪತ್ತಕ್ಕೆ ಇನ್ಸ್‌ಪೆಕ್ಟರ್‌ಗೆ ಫೋನ್ ಹೋಯಿತು. ಐದೂವರೆಗೆ ಅವರು ಹಳೇ ಪ್ರೆಸ್ಸಿನ ಫೋರ್‌ಮನ್ ಮನೆ ಹುಡುಕಿ ಹೋದರು. ಎಂಬತ್ತರ ಮುದುಕ ಹಾಳೆಯನ್ನು ಬೆಳಕಿಗೆ ಹಿಡಿದ ತಕ್ಷಣ ಹೇಳಿದ, "ಇದು ಬಲೂನ್ ಕೈ."

ಕತೆ ಬರೆಯುವವರೊಬ್ಬರು, ಚಿತ್ರ ಬಿಡಿಸುವವರೊಬ್ಬರು, ಬಲೂನಿನೊಳಗೆ ಅಕ್ಷರ ಬರೆಯುವವನೊಬ್ಬ. ಇಪ್ಪತ್ತೆರಡು ವರ್ಷ ಅವನೊಬ್ಬನೇ ಬರೆದ. ಪುಸ್ತಕದ ಮೇಲೆ ಮೊದಲಿಬ್ಬರ ಹೆಸರು ಬರುತ್ತಿತ್ತು, ಮಾಲೀಕರದ್ದು ಬರುತ್ತಿತ್ತು. ಎಲ್ಲರೂ ಬಲೂನ್ ಎಂದೇ ಕರೆಯುತ್ತಿದ್ದ ಅವನ ನಿಜವಾದ ಹೆಸರು ಫೋರ್‌ಮನ್‌ಗೂ ನೆನಪಿರಲಿಲ್ಲ. ಬೈಂಡಿಂಗಿನವರದ್ದು ರಾತ್ರಿ ಪಾಳಿಯಾದ್ದರಿಂದ ಕಾಜಮ್ಮನ ಗಂಡ ಅವನನ್ನು ಕಂಡಿರಲಿಕ್ಕೂ ಇಲ್ಲ ಎಂದ. ಲಾಂಡ್ರಿಯೊಂದರ ಹಿಂದೆ ಬಾಡಿಗೆ ಕೋಣೆಯಲ್ಲಿದ್ದಾನೆಂದು ವಿಳಾಸ ಕೊಟ್ಟ.

ಆರೂಮುಕ್ಕಾಲಿಗೆ ಹೋದಾಗ ಕೋಣೆಗೆ ಬೀಗ. ಅವನಿಗೆ ಸುಳಿವು ಸಿಕ್ಕಿ ಪುಸ್ತಕಗಳಿಗೆ ಬೆಂಕಿಯಿಟ್ಟರೆ ಸಾಕ್ಷ್ಯವೇ ಹೋಗುತ್ತದೆ. ಆದ್ದರಿಂದ ದೂರದಲ್ಲಿ ಇಬ್ಬರು ಕಾನ್ಸ್‌ಟೇಬಲ್‌ಗಳನ್ನು ಕಾವಲಿಗಿಟ್ಟು, ಅವನು ಹೇಳಿದ ಗಂಟೆಗೆ, ಹೇಳಿದ ಜಾಗದಲ್ಲೇ ಹಿಡಿಯುವುದೆಂದು ಇನ್ಸ್‌ಪೆಕ್ಟರ್ ತೀರ್ಮಾನಿಸಿದರು.

ಹತ್ತೊಂಬತ್ತು, ಬೆಳಿಗ್ಗೆ ಹತ್ತೂಮುಕ್ಕಾಲು. ಎದುರು ಬಾಗಿಲಿನ ಟೈಲರ್ ಗೋದಾಮಿನಲ್ಲಿ ಇನ್ಸ್‌ಪೆಕ್ಟರ್ ಮತ್ತು ಇಬ್ಬರು ಪಂಚರು ಬಟ್ಟೆ ಥಾನುಗಳ ಮಧ್ಯೆ ನಿಂತಿದ್ದರು. ಅಕ್ಕ ನೆಲದ ಮೇಲೆ ಕೂತು ಶರ್ಟಿಗೆ ಗುಂಡಿ ಹಾಕುತ್ತಿದ್ದಳು. ಅಣ್ಣನ ಮಗಳು ಎಂದು ಹೇಳಬೇಕೆಂದು ಕಾಜಮ್ಮನಿಗೆ ನಾಲ್ಕು ಸಲ ಕಲಿಸಿದ್ದಾಯಿತು. ಅವಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಅವ್ರು ನಿಜವಾದ ಅಧಿಕಾರಿನೇ ಆಗಿದ್ರೆ?" ಎಂದಳು.

"ಅಲ್ಲ ಅಮ್ಮಾ."

"ಆಗಿದ್ರೆ?"

ಹತ್ತು ಐವತ್ತೆಂಟಕ್ಕೆ ಮೆಟ್ಟಿಲ ಮೇಲೆ ಸದ್ದಾಯಿತು. ಅವಸರವಿಲ್ಲದ ಹೆಜ್ಜೆ. ಮೇಲಕ್ಕೆ ಹೋಗಲಿಲ್ಲ, ಬಾಗಿಲ ಮುಂದೆ ನಿಂತಿತು. ಎರಡು ಸಲ ಬಾಗಿಲು ತಟ್ಟಿದ.

ಅಕ್ಕ ಹಿಂದಿನ ದಿನದಿಂದಲೂ ಮನಸ್ಸಿನಲ್ಲಿ ಒಬ್ಬ ಆಜಾನುಬಾಹುವನ್ನು ಕಟ್ಟಿಕೊಂಡಿದ್ದಳು. ಒಳಗೆ ಬಂದವನು ಎಪ್ಪತ್ತರ ಸಣಕಲು ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಚರ್ಮದ ಚೀಲ. ಅವನು ಹೊಸ್ತಿಲು ದಾಟುತ್ತಿದ್ದಂತೆ ಬಾಗಿಲು ತೆಗೆದ ಕಾಜಮ್ಮ ಹಿಂದೆ ಸರಿದು, ಗೋಡೆಗೆ ಬೆನ್ನು ತಾಗಿಸಿ, ಕೈ ಕಟ್ಟಿ ನಿಂತಳು. ಅವನು ಮಾತಾಡದೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ನೋಟ ಅಕ್ಕನಿಗೆ ಸೇರಲಿಲ್ಲ.

"ಇವಳು ಯಾರು?"

ಕಾಜಮ್ಮನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಅಕ್ಕನ ಕೈಯ ಸೂಜಿ ನಿಂತಿತು.

"ಅತ್ತೆಗೆ ಹುಷಾರಿಲ್ಲ ಅಂತ ಬಂದೆ ಸಾರ್," ಎಂದು ಅಕ್ಕನೇ ಹೇಳಿ ಎದ್ದು ನಿಂತಳು.

ಅವಳು ಎದ್ದದ್ದನ್ನು ಕಂಡು ಅವನ ಮುಖ ಶಾಂತವಾಯಿತು. ಕುರ್ಚಿ ಎಳೆದು ಕೂತ. ಉಳಿದ ಪುಸ್ತಕ ತರಿಸಿಕೊಂಡ. ಚೀಲದಿಂದ ಹಾಳೆ, ಇಂಕ್ ಪೆನ್ನು ತೆಗೆದು ಬರೆಯತೊಡಗಿದ. ಮೂರನೇ ಪುಸ್ತಕದ ವಿವರ ಬರೆದು ಮುಗಿಸುವವರೆಗೆ ಅಕ್ಕ ಸುಮ್ಮನಿದ್ದು, ಆಮೇಲೆ ಮೊದಲೇ ಮಾತಾಡಿಕೊಂಡಿದ್ದಂತೆ ಎರಡು ಸಲ ಕೆಮ್ಮಿದಳು.

ಇನ್ಸ್‌ಪೆಕ್ಟರ್ ಒಳಗೆ ಬಂದು ಗುರುತಿನ ಚೀಟಿ ಕೇಳಿದರು. ಅವನು ಸಮವಸ್ತ್ರವನ್ನೂ ಬಾಗಿಲಲ್ಲಿದ್ದ ಪಂಚರನ್ನೂ ನೋಡಿ ಪೆನ್ನಿನ ಮುಚ್ಚಳ ಹಾಕಿದ. ಓಡಲಿಲ್ಲ, ಕೂಗಾಡಲಿಲ್ಲ.

"ಇಂಕ್ ಒಣಗ್ಲಿ ಸಾರ್, ಆಮೇಲೆ ಮುಟ್ಟಿ," ಎಂದ.

ಹನ್ನೊಂದು ಹದಿನೈದಕ್ಕೆ ಬಂಧನ. ಹನ್ನೆರಡು ನಲವತ್ತಕ್ಕೆ ಅವನ ಕೋಣೆಯಲ್ಲಿ ಪಂಚರ ಸಮಕ್ಷಮ ಪಂಚನಾಮೆ. ಮೂವತ್ತೊಂದು ಪುಸ್ತಕಗಳೂ ಹಲಗೆಯ ಮೇಲೆ ಸಂಚಿಕೆಯ ಕ್ರಮದಲ್ಲಿದ್ದವು. ಒಂದೊಂದಕ್ಕೂ ಬಿಳಿ ಕಾಗದದ ಹೊದಿಕೆ. ಒಂದನ್ನೂ ಮಾರಿರಲಿಲ್ಲ, ಮಾರಲು ಯಾರನ್ನೂ ಕೇಳಿರಲೂ ಇಲ್ಲ.

ಎರಡೂಕಾಲಕ್ಕೆ ವಿಚಾರಣೆ ಶುರುವಾಯಿತು. ಅಕ್ಕ ಬರೆದುಕೊಳ್ಳುತ್ತಿದ್ದಳು. ಅವನು ಏನನ್ನೂ ಮುಚ್ಚಿಡಲಿಲ್ಲ. ತಾನು ಬರೆದ ಪುಸ್ತಕದ ಒಂದು ಪ್ರತಿಯೂ ತನ್ನ ಬಳಿ ಇರಲಿಲ್ಲ ಎಂದ. ಪೇಪರು ನೋಡಿ, ಒಂದನ್ನು ಕೇಳಿ ಪಡೆಯೋಣ ಎಂದು ಏಳನೇ ತಾರೀಖು ಹೋಗಿದ್ದ. ತೆರೆದ ಬಾಗಿಲೊಳಗೆ ಹೊಲಿಯುತ್ತಾ ಕೂತಿದ್ದ ಹೆಂಗಸು ಚೀಲ ನೋಡಿ ಬಿಳಿಚಿಕೊಂಡು ಎದ್ದು ನಿಂತಳು. ತೆರಿಗೆ ಆಫೀಸಿನವರಾ ಎಂದು ಅವಳೇ ಕೇಳಿದಳು. ಕುರ್ಚಿ ಒರೆಸಿ ಕೊಟ್ಟಳು, ತಾನು ನಿಂತೇ ಇದ್ದಳು.

"ಅಲ್ಲ ಅಂತ ಹೇಳೋಣ ಅಂತಾನೇ ಇದ್ದೆ. ಪ್ರೆಸ್ಸಲ್ಲಿ ಜವಾನನೂ ನನ್ನನ್ನ ಬಲೂನ್ ಅಂತಿದ್ದ ಸಾರ್. ನನ್ನ ನೋಡಿ ಒಬ್ಬರು ಎದ್ದು ನಿಂತಿದ್ದು ಅದೇ ಮೊದಲು."

"ಪುಸ್ತಕ ಸಿಕ್ಕಿತ್ತಲ್ಲ. ಹದಿನೇಳಕ್ಕೇ ಉಳಿದ ಏಳೂ ತೊಗೊಂಡು ಮುಗಿಸಬಹುದಿತ್ತು. ಮಗಳ ಹೆಸರು ಎತ್ತಿ ಹೆದರಿಸಿದ್ದು ಯಾಕೆ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

ಅವನು ಸುಳ್ಳು ಹುಡುಕುತ್ತಿರಲಿಲ್ಲ, ಸರಿಯಾದ ಮಾತು ಹುಡುಕುತ್ತಿದ್ದ.

"ಆವತ್ತು ನನ್ನ ನೋಡಿ ಅವ್ರು ಎದ್ದು ನಿಲ್ಲೋದು ಸ್ವಲ್ಪ ತಡ ಆಯ್ತು," ಎಂದ.

ಅಕ್ಕ ಅದನ್ನೂ ಅವನ ಮಾತಿನಲ್ಲೇ ಬರೆದಳು. ಕೆಳಗೆ ಸಮಯ ಹಾಕಿದಳು, ಮಧ್ಯಾಹ್ನ ಮೂರು ಇಪ್ಪತ್ತೈದು.