ಅರ್ಧಕ್ಕೆ ನಿಂತ ಕೊಂಡಿ

“ಕತ್ತರಿ ಹಚ್ಚಬ್ಯಾಡ್ರಿ ಡಾಕ್ಟರ,” ಎಂದಳು ಬಸಲಿಂಗವ್ವ. “ಕೊಂಡಿ ಅರ್ಧಕ್ಕ ನಿಂತದ. ಈಗ ಕತ್ತರಿಸಿದ್ರ, ನೇಯೋಳ ಮ್ಯಾಲಿನ ಮಾಟ ಕತ್ತರಿಸಿದವ್ರ ಮ್ಯಾಲ ಬರ್ತದ.”

ಡಾಕ್ಟರ್ ಸಂಗಯ್ಯ ನಕ್ಕ. ಹುಬ್ಬಳ್ಳಿಯಿಂದ ಇಳಕಲ್ಲಿಗೆ ಬಂದು ದವಾಖಾನೆ ತೆರೆದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಆಗಲೇ ಊರಿಗೆಲ್ಲ ಬುದ್ಧಿ ಹೇಳುವ ಚಟ ಹತ್ತಿತ್ತು ಪುಣ್ಯಾತ್ಮನಿಗೆ. ೧೯೭೯ರ ಬೇಸಿಗೆ ಅದು. ನೆಲದ ತಗ್ಗಿನಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದ ಆ ಕತ್ತಲೆ ಕೋಣೆಯಲ್ಲಿ ಹುಳಿತ ಗಂಜಿಯ ವಾಸನೆ, ಬಣ್ಣದ ಘಾಟು. ಸೀರೆಯ ಕಪ್ಪು ಹಾಸಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಇಲ್ಲಿಯ ಪದ್ಧತಿ. ಸೊಸೆ ಗುರುಲಿಂಗವ್ವ ಆ ಕೆಲಸವನ್ನು ನಡುವೆಯೇ ಬಿಟ್ಟು ಎದ್ದಿದ್ದಳು.

ಆಕೆಗೆ ಇಪ್ಪತ್ತೆರಡು ವರ್ಷ, ಕಂಕುಳಲ್ಲಿ ಐದು ತಿಂಗಳ ಕೂಸು. ತಿಂಗಳಿಂದ ಮೂರು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ಏನೋ ಆಗುತ್ತಿತ್ತು. ತನ್ನ ಕೈಯನ್ನೇ ನೋಡಿ ಹೆದರುತ್ತಿದ್ದಳು. ಮಾತು ತೊದಲಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ತನ್ನ ಕೂಸನ್ನೇ ತೋರಿಸಿ ಇದು ಯಾರದು ಎಂದು ಕೇಳಿಬಿಟ್ಟಿದ್ದಳು. ಗಂಟೆ ಕಳೆದರೆ ಏನೂ ಆಗದವಳಂತೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಮನೆಯವರು ಮಾಟ ಎಂದರು. ಸಂಗಯ್ಯ ಹುಚ್ಚು ಎಂದ.

“ತಲಿ ನೋಯ್ತದೇನು?”

“ಇಲ್ರಿ. ಬೆಳಕಿನ ಕೋಟಿ ಗ್ವಾಡಿ ಕಾಣ್ತದ್ರಿ, ಹಲ್ಲಿನಂಗ ತೆನಿ ತೆನಿ. ಕಣ್ ಮುಚ್ಚಿದ್ರೂ ಹೋಗಂಗಿಲ್ಲ. ಆಮ್ಯಾಲ ತಾನ...”

ಆಕೆ ಇನ್ನೂ ಏನೋ ಹೇಳುವವಳಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು.

ಮಾಟದ ಗುರುತು ಎಂದು ಮನೆಯವರು ತೋರಿಸಿದ್ದು ಕೊಂಡಿಗಳ ನಡುವೆ ಮೂರು ಗಂಟು ಬಿಗಿದಿದ್ದ ಒಂದು ಕೂದಲನ್ನು. ಉದ್ದ ಕೂದಲು, ಅರ್ಧ ನರೆತದ್ದು. ಸಂಗಯ್ಯ ಅದನ್ನು ನೋಡಿದ, ಮುದುಕಿಯ ತಲೆ ನೋಡಿದ. ಬಸಲಿಂಗವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಇವಳದೇ ಕೈವಾಡ ಎಂದುಕೊಂಡ ಸಂಗಯ್ಯ. ಹಾಗಿದ್ದರೆ ಸೊಸೆಗೂ ಅತ್ತೆಗೂ ಏನಿದೆ ನಡುವೆ? ಸೊಸೆ ನಾಟಕ ಮಾಡುತ್ತಿರಲಿಕ್ಕಿಲ್ಲವೆಂದು ಹೇಗೆ ಹೇಳುವುದು? ಈ ಮನೆಯಲ್ಲಿ ಯಾರ ಮುಖವೂ ಅವನಿಗೆ ನೆಟ್ಟಗೆ ಕಾಣಲಿಲ್ಲ.

ಕರಕರ ಎಂದು ಕತ್ತರಿಸಿದ. ರೇಷ್ಮೆ ಎಳೆಗಳು ಸಡಿಲಾಗಿ ಕುಣಿಗೆ ಬಿದ್ದವು. ಕೂದಲನ್ನು ಬಾಗಿಲಾಚೆ ಎಸೆದ.

“ನೋಡ್ರಿ, ಏನಾತು ನನಗ?”

ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಒಲೆಯ ಕಡೆ ನೋಡಿದ. ಒಲೆ ತಣ್ಣಗಿತ್ತು.

ದವಾಖಾನೆಗೆ ಬಂದವನೇ ದೊಡ್ಡ ಊರಿನ ಹುಚ್ಚಾಸ್ಪತ್ರೆಗೆ ಚೀಟಿ ಬರೆದ. ಮಾತು ಅಸಂಬದ್ಧ, ತನ್ನವರ ಗುರುತೂ ಹತ್ತುವುದಿಲ್ಲ, ಇಲ್ಲದ ಬೆಳಕು ಕಾಣುತ್ತದೆ, ತಲೆನೋವಿಲ್ಲ. ಕೊನೆಗೆ ಜಾಣತನ ಮೆರೆದು ಇನ್ನೊಂದು ಸಾಲು ಸೇರಿಸಿದ. ಸಹಿ ಮಾಡಿ ಕಂಪೌಂಡರ್ ಖಾಸಿಂಸಾಬನ ಕೈಗೆ ಕೊಟ್ಟ. ಹೆಸರು, ವಯಸ್ಸು ತುಂಬುವುದು ಯಾವತ್ತೂ ಖಾಸಿಂಸಾಬನ ಕೆಲಸ.

“ಕೂಸು ಮೊಲಿ ಕುಡೀತದಲ್ರಿ ಸಾಹೇಬ್ರ. ತಾಯಿನ್ನ ಬಿಡಿಸಿದ್ರ ಹೆಂಗ?”

“ಕೂಸಿನ ಜೀವಕ್ಕ ಅಪಾಯ ಅದ. ನೀ ಬರಿ.”

ಖಾಸಿಂಸಾಬ ಹ್ಞೂಂ ಎಂದ. ಬರೆಯಲು ಅವನ ಕೈ ಬರಲಿಲ್ಲ. ಚೀಟಿಯನ್ನು ಹಾಗೇ ಕಿಸೆಯಲ್ಲಿಟ್ಟುಕೊಂಡ.

ನಾಲ್ಕನೆಯ ದಿನ ಮುಂಜಾನೆ ಗುರುಲಿಂಗವ್ವನ ಗಂಡ ಈರಪ್ಪ ಬಾಡಿಗೆ ಮೋಟಾರು ತಂದು ಬಾಗಿಲಿಗೆ ನಿಲ್ಲಿಸಿದ. ಕಳಿಸಿಕೊಡಲು ಖಾಸಿಂಸಾಬನೊಡನೆ ಸಂಗಯ್ಯನೂ ಬಂದ. ಗುರುಲಿಂಗವ್ವ ಕೂಸನ್ನು ಬಿಡಲೊಲ್ಲಳು. ಬಸಲಿಂಗವ್ವ ಸಂಗಯ್ಯನಿಗೆ ಚಹಾ ತಂದಿಟ್ಟಳು. ಕುಡಿದ. ಕಪ್ಪು ಕೆಳಗಿಡುವಾಗ ಅಂಗಿಯ ತೋಳಿನ ಗುಂಡಿ ಕಣ್ಣಿಗೆ ಬಿತ್ತು.

ಗುಂಡಿಗೆ ಕೂದಲು ಸುತ್ತಿತ್ತು. ಉದ್ದದ್ದು, ಅರ್ಧ ನರೆತದ್ದು. ಮೂರು ಗಂಟು.

ಯಾರು ಸುತ್ತಿದರು? ಯಾವಾಗ? ತಲೆ ಎತ್ತಿದ. ಬಸಲಿಂಗವ್ವನ ಮೂಗಿನ ಜಾಗದಲ್ಲಿ ಒಂದು ಬೆಳಕಿನ ಚುಕ್ಕೆ. ಚುಕ್ಕೆ ಬಾಗಿತು. ಬೆಳೆಯಿತು. ಹಲ್ಲು ಮೂಡಿತು. ಕೋಟೆಯ ತೆನೆಗಳು ಸಾಲುಗಟ್ಟಿ ಮಿಣಮಿಣ ಕುದಿಯತೊಡಗಿದವು. ಕಣ್ಣು ಮುಚ್ಚಿದ. ಕೋಟೆ ಅಲ್ಲೇ ಇತ್ತು.

ಚಹಾದಲ್ಲಿ ಏನು ಹಾಕಿದರು? ಕೈ ನೋಡಿಕೊಂಡ. ಕೈ ಬಾಗಿಲಿನಷ್ಟಾಗಿತ್ತು. ಎದುರಿಗೆ ಯಾರೋ ಬಿಳಿ ಟೊಪ್ಪಿಗೆಯವನು ನಿಂತಿದ್ದ. ಯಾರಿವನು? ಯಾಕೆ ಅಳುತ್ತಿದ್ದಾನೆ?

ಆಗ ಹೊಳೆಯಿತು. ಕಾಲೇಜಿನ ದಪ್ಪ ಪುಸ್ತಕ, ಅದರೊಳಗಿನ ಚಿತ್ರ, ಇದೇ ಹಲ್ಲುಹಲ್ಲಿನ ಬೆಳಕು. ಮೈಗ್ರೇನ್. ಅರೆದಲೆನೋವಿನ ಒಂದು ಬಗೆ. ನೋವೇ ಇಲ್ಲದೆ ಬುದ್ಧಿಯನ್ನು ಮಂಕು ಮಾಡಿ, ತಾನೇ ಬಂದು ತಾನೇ ಹೋಗುವಂಥದ್ದು. ಆಕೆ ಹೇಳಹೊರಟಿದ್ದು ಅದನ್ನೇ. ಅಯ್ಯೋ, ಆಕೆಗೆ ಹುಚ್ಚಿಲ್ಲ. ಚೀಟಿ ಹರಿಯಬೇಕು. ಈಗಲೇ ಹೇಳಬೇಕು.

“ಲಾಳಿ,” ಎಂದ ಸಂಗಯ್ಯ. “ಲಾಳಿ ನೀರು ಕುದುರಿ... ಕುದುರಿ ಹರಿ...”

ಖಾಸಿಂಸಾಬನ ಮೈಮೇಲೆ ಬಿದ್ದು ಕಿಸೆಗೆ ಕೈ ಹಾಕಿದ. ನಾಲ್ಕು ಜನ ಹಿಡಿದರು. ಒದೆದ. ಕೂಗಿದ. ಬಾಯಿಗೆ ಬಂದದ್ದು ಮತ್ತದೇ ಕುದುರೆ, ಅದೇ ನೀರು.

“ನಾ ಮೊದಲ ಹೇಳಿದ್ನಿ,” ಎಂದಳು ಬಸಲಿಂಗವ್ವ ಮೆಲ್ಲಗೆ.

ಗುರುಲಿಂಗವ್ವ ಹತ್ತಿರ ಬಂದಳು. ಆ ಮನೆಯಲ್ಲಿ ಅವನಿಗೆ ಆಗಿದ್ದೇನೆಂದು ಬಲ್ಲವಳು ಆಕೆಯೊಬ್ಬಳೇ. ಗಳಿಗೆ ಹೊತ್ತಿನಲ್ಲಿ ಇಳಿಯುತ್ತದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೂಸು ಎದೆಗೆ ಬಾಯಿ ಹಚ್ಚಿ ಚೀಪುತ್ತಿತ್ತು. ಆಕೆ ಮೋಟಾರಿನ ಕಡೆ ನೋಡಿದಳು.

“ತಲಿ ನೋಯ್ತದೇನ್ರಿ ಡಾಕ್ಟರ?”

ಅವನು ಇಲ್ಲವೆಂದು ತಲೆಯಾಡಿಸಿದ.

ಆಕೆ ಮತ್ತೇನೂ ಕೇಳಲಿಲ್ಲ. ಕೂಸನ್ನು ಅವಚಿಕೊಂಡು ಒಳಗೆ ಹೋದಳು.

“ಗಾಡಿ ಹೆಂಗೂ ನಿಂತದ,” ಎಂದ ಈರಪ್ಪ. ಖಾಸಿಂಸಾಬ ಕಣ್ಣೊರೆಸಿಕೊಂಡು, ಚೀಟಿಯಲ್ಲಿ ಖಾಲಿ ಉಳಿದಿದ್ದ ಹೆಸರಿನ ಜಾಗ ತುಂಬಲು ಪೆನ್ನು ತೆಗೆದ.

ಹುನಗುಂದ ದಾಟುವ ಹೊತ್ತಿಗೆ ಕೋಟೆ ಕರಗಿತು. ಕೈ ಕೈಯಷ್ಟೇ ಆಯಿತು. ಟೊಪ್ಪಿಗೆಯ ಕೆಳಗಿನ ಮುಖ ಖಾಸಿಂಸಾಬನದಾಯಿತು. ಮಣಿಕಟ್ಟುಗಳಿಗೆ ಧೋತರ ಬಿಗಿದಿತ್ತು.

“ಖಾಸಿಂಸಾಬ, ಗಾಡಿ ತಿರುಗಸು,” ಎಂದ ಸಂಗಯ್ಯ, ಒಂದೊಂದೇ ಮಾತನ್ನು ಬಿಡಿಸಿ. “ನನಗೇನೂ ಆಗಿಲ್ಲ. ಆಕಿಗೂ ಏನೂ ಆಗಿಲ್ಲ. ಅದು ಒಂದು ನಮೂನಿ ತಲಿಬ್ಯಾನಿ. ಖರೆ ಹೇಳ್ತೇನಿ.”

ಖಾಸಿಂಸಾಬ ಗಾಬರಿಯಿಂದ ಅವನನ್ನೇ ನೋಡಿದ. ಕಿಸೆಯಿಂದ ಚೀಟಿ ತೆಗೆದು ಬಿಡಿಸಿ, ಸಾಹೇಬರು ತಮ್ಮ ಕೈಯಾರೆ ಬರೆದಿದ್ದ ಕೊನೆಯ ಸಾಲನ್ನು ಮತ್ತೊಮ್ಮೆ ಓದಿಕೊಂಡ: ನಡುನಡುವೆ ನೆಟ್ಟಗೆ ಮಾತಾಡುವುದುಂಟು, ನಂಬತಕ್ಕದ್ದಲ್ಲ.

“ಆತ್ರಿ ಸಾಹೇಬ್ರ,” ಎಂದು ಸಮಾಧಾನ ಮಾಡಿ, ಡ್ರೈವರನಿಗೆ ಮುಂದೆ ನಡೆ ಎಂದು ಕೈಸನ್ನೆ ಮಾಡಿದ.