ಹಾಜರಿ ಕರೆದ ಅಜ್ಜಿ

“ಈ ಪುಸ್ತಕಕ್ಕೆ ನಾನು ಮುಖಪುಟದ ಚಿತ್ರ ಬರೆಯಲ್ಲ ಸಾರ್. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ಸಂಪಾದಕರ ಕೋಣೆಯ ಬಾಗಿಲಲ್ಲೇ ಅವಳ ಕಾಲುಗಳು ನಿಂತವು. ಆ ದನಿಯನ್ನು ಗುರುತಿಸಲು ಮುಖ ನೋಡಬೇಕಾಗಿರಲಿಲ್ಲ. ನಾಲ್ಕು ವರ್ಷ... ಒಂದು ಫೋನೂ ಇಲ್ಲದ ನಾಲ್ಕು ವರ್ಷ!

ಅವನು ಹಸ್ತಪ್ರತಿಯ ಕಟ್ಟನ್ನು ಮೇಜಿನ ಮೇಲಿಟ್ಟು ತಿರುಗಿದ. ಅವಳನ್ನು ಕಂಡು ಒಂದು ಗಳಿಗೆ ತಡೆದು, ತಲೆ ತಗ್ಗಿಸಿ ಹೊರಗೆ ಹೋದ. ಅವಳು ಬಿಡಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಅಡ್ಡ ನಿಂತು, ನನ್ನ ಪುಸ್ತಕ ಅಂತ ತಾನೇ ಬೇಡ ಅಂದದ್ದು ಎಂದು ಕೇಳಿಯೇಬಿಟ್ಟಳು.

“ಹನ್ನೆರಡನೇ ಕಂತಿನ ಅಜ್ಜಿ ನಮ್ಮಮ್ಮ,” ಎಂದ ಅವನು ಮೆಲ್ಲಗೆ. “ನಿಮಗೆ ಅದೂ ನೆನಪಿಲ್ವಾ?”

ಅವಳು ವಾರಪತ್ರಿಕೆಗೆ ಪತ್ತೇದಾರಿ ಧಾರಾವಾಹಿ ಬರೆಯುವವಳು. ವಾರಕ್ಕೊಂದು ಕಂತು, ಕಂತಿಗೊಂದು ತಿರುವು. ಅದಕ್ಕೆ ಚಿತ್ರ ಬರೆಯುತ್ತಿದ್ದವನು ಅವನು. ಆರು ವರ್ಷ ಜೊತೆಗೆ ದುಡಿದಿದ್ದರು. ಪ್ರತಿ ಬುಧವಾರ ಕಂತು ಕೊಟ್ಟ ಮೇಲೆ ಇಬ್ಬರೂ ಮಧ್ಯಾಹ್ನದ ಆಟಕ್ಕೆ ಹೋಗಿ, ಕೊಲೆಗಾರ ಯಾರೆಂದು ವಿರಾಮಕ್ಕೆ ಮುಂಚೆ ಹೇಳುವ ಪಂದ್ಯ ಕಟ್ಟುತ್ತಿದ್ದರು. ಅಂಥದೊಂದು ಬುಧವಾರ, ಚಿತ್ರಮಂದಿರದ ಹೊರಗೆ, ಮದುವೆಯಾಗೋಣವಾ ಎಂದು ಅವನು ಕೇಳಿದ್ದ. ಧಾರಾವಾಹಿ ಮುಗಿಯಲಿ, ಹೇಳುತ್ತೇನೆ ಎಂದು ಅವಳು ನಕ್ಕಿದ್ದಳು. ತಿಂಗಳು ತುಂಬುವುದರೊಳಗೆ ಅವನು ಕೆಲಸ ಬಿಟ್ಟು ಹೋಗಿದ್ದ. ಈಗ ಪುಸ್ತಕವಾಗುತ್ತಿದ್ದುದು ಅದೇ ಧಾರಾವಾಹಿ.

ಕಾದು ಬೇಸತ್ತನೇನೋ ಎಂದುಕೊಂಡಿದ್ದಳು. ನಾನಾಗಿ ಯಾಕೆ ಕೇಳಲಿ ಎಂಬ ಹಟ ಬೇರೆ.

ಆ ಸಂಜೆ ಅಟ್ಟದಿಂದ ಹಳೆಯ ಸಂಚಿಕೆ ಇಳಿಸಿ ಓದಿದಳು. ಕಳ್ಳನೊಬ್ಬ ಮನೆಗೆ ನುಗ್ಗುತ್ತಾನೆ. ಅರಳುಮರಳಿನ ಅಜ್ಜಿ, ಒಂದು ಕಾಲದ ಟೀಚರು, ಅವನ ರೋಲ್ ನಂಬರ್ ಕೇಳಿ ಹಾಜರಿ ಹಾಕಿ ಬೆಂಚಿನ ಮೇಲೆ ನಿಲ್ಲಿಸುತ್ತಾಳೆ. ಆ ಕಂತಿಗೆ ಬಂದಷ್ಟು ಮೆಚ್ಚುಗೆಯ ಪತ್ರ ಇನ್ಯಾವುದಕ್ಕೂ ಬಂದಿರಲಿಲ್ಲ.

‘ಅಮ್ಮ ಇವತ್ತು ನನ್ನ ರೋಲ್ ನಂಬರ್ ಕೇಳಿದ್ರು... ನಾನು ಮಗ ಅಂತ ಗೊತ್ತಾಗ್ಲಿಲ್ಲ.’ ಆ ದಿನಗಳಲ್ಲೊಮ್ಮೆ ಅವನು ಹೀಗೆಂದಾಗ ಅವಳಿಗೂ ಕಣ್ಣೀರು ಬಂದಿತ್ತು. ಅತ್ತದ್ದು ಸುಳ್ಳಲ್ಲ. ಅದಾದ ಮೂರನೇ ವಾರ ಕಂತಿಗೆ ಏನೂ ಹೊಳೆಯದೆ ಕೂತಾಗ ಅದನ್ನೇ ಎತ್ತಿ ಬರೆದದ್ದೂ ಸುಳ್ಳಲ್ಲ. ಬರೆಯುವ ಭರದಲ್ಲಿ ಅದು ಯಾರ ಮನೆಯ ನೋವೆಂಬುದೇ ಮರೆತುಹೋಗಿತ್ತು!

ಬುಧವಾರ ರೂಢಿಯಂತೆ ಒಬ್ಬಳೇ ಸಿನಿಮಾಕ್ಕೆ ಹೋದಳು. ತೆರೆಯ ಮೇಲೆ ಯಾರೋ ಯಾರನ್ನೋ ಅಟ್ಟಿಸಿಕೊಂಡು ಓಡುತ್ತಿದ್ದರು. ಅವಳ ಕಣ್ಣು ಮಾತ್ರ ಸಾಲಿನ ತುದಿಯ ಖಾಲಿ ಸೀಟಿನ ಮೇಲೆ. ಅವನು ಯಾವಾಗಲೂ ಅಲ್ಲೇ ಕೂರುತ್ತಿದ್ದ. ಪಕ್ಕದ ಮನೆಯವರಿಂದ ಫೋನ್ ಬಂದರೆ ಎದ್ದು ಓಡಬೇಕಿತ್ತಲ್ಲ, ಅಮ್ಮ ಬೀದಿಗಿಳಿದಿದ್ದಾರೆಂದು. ಎರಡು ಸಲ ಹಾಗೆ ಓಡಿದ್ದ. ಎರಡು ಸಲವೂ ಅವಳು ಮುಖ ಊದಿಸಿಕೊಂಡಿದ್ದಳು. ವಿರಾಮದಲ್ಲೇ ಎದ್ದು ಬಂದಳು.

ಗುರುವಾರ ಅಕ್ಕನ ಫೋನು. ಮಾತು ಶುರುವಾಗುವ ಮುಂಚೆಯೇ ಬಿಕ್ಕಿದಳು. ಇಪ್ಪತ್ತೆರಡು ವರ್ಷದ ಸಂಸಾರ ಮುರಿಯುತ್ತಿತ್ತು. ಭಾವ ಒಂದು ವರ್ಷದಿಂದ ಬಾಯಿಬಿಟ್ಟು ಮಾತಾಡಿಲ್ಲವಂತೆ. ಏನು ಹೇಳುವುದಿದ್ದರೂ ಚೀಟಿ ಬರೆದು ಊಟದ ಮೇಜಿನ ಮೇಲಿಡುತ್ತಾರಂತೆ. ಬೇರೆ ಮನೆ ನೋಡಿದ್ದೇನೆ ಎಂಬುದನ್ನೂ ಚೀಟಿಯಲ್ಲೇ ತಿಳಿಸಿದರಂತೆ. ಕೊನೆಗೆ ಅಕ್ಕ ಮೂಗೊರೆಸಿಕೊಂಡು ಅಂದಳು:

“ಇದನ್ನ ಮಾತ್ರ ಕಥೆ ಮಾಡ್ಬೇಡ ಕಣೇ.”

ಅವಳು ಬೆಚ್ಚಿ ಕೆಳಗೆ ನೋಡಿದಳು. ಕೈಯಲ್ಲಿ ಪೆನ್ನಿತ್ತು. ಮುಂದಿದ್ದ ಲಕೋಟೆಯ ಬೆನ್ನ ಮೇಲೆ ತನ್ನದೇ ಅಕ್ಷರ: ‘ಚೀಟಿ ಬರೆಯುವ ಗಂಡ’.

ಥೂ... ನಾನೆಂಥವಳು!

“ಇಲ್ಲ ಅಕ್ಕಾ, ಮಾಡಲ್ಲ,” ಎಂದಳು. ಲಕೋಟೆಯನ್ನು ಚೂರು ಚೂರು ಹರಿದಳು. ಈ ಭಾನುವಾರ ಬಂದು ನಿನ್ನ ಜೊತೆಗಿರುತ್ತೇನೆ ಎಂದು ಮಾತು ಕೊಟ್ಟಳು.

ಶುಕ್ರವಾರ ಸಂಪಾದಕರ ಮುಂದೆ ಕೂತು, ಹನ್ನೆರಡನೇ ಕಂತು ಪುಸ್ತಕದಲ್ಲಿ ಇರಕೂಡದು ಎಂದಳು. ಅವರು ಕನ್ನಡಕ ತೆಗೆದಿಟ್ಟರು. ಓದುಗರು ಕಾಯುತ್ತಿರುವುದೇ ಆ ಅಜ್ಜಿಗಾಗಿ, ಅದಿಲ್ಲದಿದ್ದರೆ ಪುಸ್ತಕ ಸಪ್ಪೆ ಎಂದು ಪರಿಪರಿಯಾಗಿ ಹೇಳಿದರು. ಹಾಗಾದರೆ ಪುಸ್ತಕವೇ ಬೇಡ ಎಂದು ಅವಳು ಎದ್ದು ನಿಂತ ಮೇಲೆ, ಗೊಣಗುತ್ತಲೇ ಒಪ್ಪಿದರು.

ಶನಿವಾರ ಬೆಳಿಗ್ಗೆ ಅವನ ಮನೆ ಹುಡುಕಿಕೊಂಡು ಹೋದಳು. ಕಿಟಕಿಯ ಬಳಿ ಮೇಜು, ಕುಂಚಗಳು, ಬಣ್ಣದ ಕಲೆಯ ಚಿಂದಿ. ಗೋಡೆಯ ಮೇಲೆ ಅವನ ತಾಯಿಯ ಭಾವಚಿತ್ರ... ಅವರಿಲ್ಲವೆಂಬುದು ಆಗಲೇ ಅವಳಿಗೆ ತಿಳಿದದ್ದು. ಎರಡು ವರ್ಷವಾಯಿತೆಂದು ಅವನು ಹೇಳಿದ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಚೆಲ್ಲಿಹೋದವು.

“ತಪ್ಪು ಮಾಡ್ದೆ. ನೀವು ನನ್ನ ನಂಬಿ ಹೇಳಿದ್ದನ್ನ ಊರಿಗೆಲ್ಲ ಮಾರ್ದೆ. ಆ ಕಂತು ತೆಗೆಸಿದೀನಿ. ಆದ್ರೆ ಅವರ ಹತ್ರ ಕ್ಷಮೆ ಕೇಳೋಕೆ... ತಡ ಆಯ್ತು.”

 ಅವಳು ಕೇಳದಿದ್ದನ್ನು ಅವನು ಹೇಳಿದ. ಅಮ್ಮನಿಗೆ ಪ್ರತಿ ವಾರ ಅವಳ ಧಾರಾವಾಹಿ ಓದಿ ಹೇಳುತ್ತಿದ್ದವನು ಅವನೇ. ಚಿತ್ರ ಬರೆಯಲೆಂದು ಮನೆಗೆ ತಂದ ಆ ಕಂತನ್ನೂ ಮುಂದೇನಿದೆ ಎಂದು ತಿಳಿಯದೆ ಗಟ್ಟಿಯಾಗಿ ಓದತೊಡಗಿದ್ದ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಕ್ಕು ಸಾಕಾಗಿ, ‘ಪಾಪ, ಆ ಟೀಚರಿಗೆ ಮಕ್ಕಳಿಲ್ವೇನಪ್ಪಾ?’ ಅಂತ ನನ್ನೇ ಕೇಳಿದ್ರು. ನಾನು ಇಲ್ಲ ಅಂದೆ.”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವನ ಕಣ್ಣೂ ತುಂಬಿತ್ತು.

“ನಿಮ್ಮ ಹತ್ರ ಬಂದು ಜಗಳ ಆಡ್ಬೇಕಿತ್ತು,” ಎಂದ. “ಆಡ್ಲಿಲ್ಲ. ನನ್ನ ಅಮ್ಮನ್ನೇ ನೋಡಿ ನಕ್ಕೋರು ನೀವು, ಇನ್ನು ನನ್ನ ಮಾತಿಗೇನು ಬೆಲೆ ಅಂದ್ಕೊಂಡೆ. ನಾಲ್ಕು ವರ್ಷ ಹಾಳು ಮಾಡಿದ್ದು ನೀವೊಬ್ರೇ ಅಲ್ಲ.”

“ನಾನು ಬೇಡ ಅಂತ ಹೋದ್ರಿ ಅಂದ್ಕೊಂಡಿದ್ದೆ. ನನಗೆ ನೀವು ಬೇಕಿತ್ತು... ಆಗ್ಲೂ. ಈಗ್ಲೂ.”

ಅವನು ಮೇಜಿನ ಪಕ್ಕದ ಕುರ್ಚಿಯ ಮೇಲಿದ್ದ ಹಾಳೆಗಳನ್ನು ಎತ್ತಿ ಬೇರೆಡೆ ಇಟ್ಟು ಜಾಗ ಮಾಡಿದ. ಅವಳು ಕೂತಳು.

“ನಾಳೆ ಅಕ್ಕನ ಮನೆಗೆ ಹೋಗ್ಬೇಕು. ಅವಳಿಗೆ ಕಷ್ಟ. ಏನು ಅಂತ ಹೇಳೋಕಾಗಲ್ಲ.”

“ಹೇಳ್ಬೇಡಿ,” ಎಂದು ಅವನು ಮೊದಲ ಸಲ ಅವಳ ಕೈ ಹಿಡಿದುಕೊಂಡ. “ಬಸ್ ಎಷ್ಟು ಹೊತ್ತಿಗೆ? ನಾನೂ ಬರ್ತೀನಿ.”